‘ಜಾಸ್’ ಚಿತ್ರದಲ್ಲಿ ಭಯಾನಕರಸ

೧

ಚಲಚ್ಚಿತ್ರಗಳ ಆಯುಸ್ಸು ಸಾಮಾನ್ಯವಾಗಿ ಅಲ್ಪವಾದುದು. ಒಂದು ಋತುವಿನಲ್ಲಿ ಜನರನ್ನು ತಂಡತಂಡವಾಗಿ ಸೆಳೆದ ಚಿತ್ರವು ಮರುವರ್ಷಕ್ಕೆ ಮರೆತುಹೋಗುವುದೇ ವಾಡಿಕೆ. ಅದರಲ್ಲಿಯೂ ಭಯವನ್ನು ಹುಟ್ಟಿಸುವುದನ್ನೇ ಮುಖ್ಯೋದ್ದೇಶವಾಗಿ ಉಳ್ಳ ಚಿತ್ರಗಳು ಬೇಗನೆ ಹಳಸುತ್ತವೆ. ಮೊದಲ ಸಲ ಬೆಚ್ಚಿಬೀಳಿಸಿದ್ದು ಎರಡನೆಯ ಸಲ ಬೆಚ್ಚಿಸಲಾರದು. ಮೂರನೆಯ ಸಲ ಅದು ನಗೆಯನ್ನೇ ತರಿಸಿದರೂ ಆಶ್ಚರ್ಯವಿಲ್ಲ. ಹೀಗಿರಲು, ೧೯೭೫ನೆಯ ಇಸವಿ ಜೂನ್ ೨೦ರಂದು ಅಮೆರಿಕದಲ್ಲಿ ತೆರೆಯನ್ನು ಕಂಡ ‘ಜಾಸ್’ ಎಂಬ ಚಿತ್ರವು ಅರ್ಧಶತಮಾನವನ್ನು ದಾಟಿಯೂ ಪ್ರೇಕ್ಷಕರ ಆದರವನ್ನು ಕಳೆದುಕೊಳ್ಳದೆ ಇರುವುದು ವಿಚಾರಾರ್ಹವಾದ ಸಂಗತಿ. ‘ದವಡೆಗಳು’ ಎಂದರ್ಥವುಳ್ಳ ಈ ಹೆಸರಿನ ಚಿತ್ರವನ್ನು ನಿರ್ದೇಶಿಸಿದ ಸ್ಟೀವನ್ ಸ್ಪೀಲ್ಬರ್ಗನಿಗೆ ಆಗ ೨೮ ವರ್ಷ. ಸಂಕಲನ, ಸಂಗೀತ, ಶಬ್ದಗ್ರಹಣ ಎಂಬ ಮೂರು ವಿಭಾಗಗಳಲ್ಲಿ ಇದಕ್ಕೆ ಆಸ್ಕರ್ ಪಾರಿತೋಷಕಗಳು ದೊರೆತುವು. ೨೦೦೧ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ಕಾಪಿಡತಕ್ಕ ಚಿತ್ರಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ಸೇರಿಸಿತು.

ಚಿತ್ರದ ವಸ್ತುವನ್ನು ಮಾತ್ರ ನೋಡಿದರೆ ಈ ಬಾಳಿಕೆಗೆ ಕಾರಣ ತೋರದು. ಸಮುದ್ರತೀರದ ಒಂದು ಊರಿನ ಬಳಿಗೆ ದೊಡ್ಡದೊಂದು ಶಾರ್ಕ್ ಮೀನು ಬಂದು ಈಜುವವರನ್ನು ತಿನ್ನುತ್ತದೆ. ಮೂವರು ಅದನ್ನು ಬೇಟೆಯಾಡಲು ಹೊರಡುತ್ತಾರೆ. ಕಡೆಗೆ ಅದು ಸಾಯುತ್ತದೆ. ಇಂದಿನ ಪ್ರೇಕ್ಷಕನಿಗೆ ಈ ಮುಕ್ತಾಯವು ಮೊದಲೇ ತಿಳಿದಿರುತ್ತದೆ. ಆದುದರಿಂದ ಕುತೂಹಲವು ಅವನನ್ನು ಹಿಡಿದಿಡಲಾರದು. ತೆರೆಯ ಮೇಲೆ ಕಾಣುವ ಮೀನು ಉಕ್ಕು ರಬ್ಬರುಗಳಿಂದ ಮಾಡಿದ ಯಂತ್ರವೆಂಬುದೂ ಅವನಿಗೆ ಗೊತ್ತು. ಕೆಲವೆಡೆ ಅದು ಕಣ್ಣಿಗೆ ಹೊಡೆದು ಕಾಣುತ್ತದೆ ಕೂಡ. ಕಥೆಯ ಕುತೂಹಲವೂ ಮೀನಿನ ನೈಜತೆಯೂ ಕಾರಣವಲ್ಲವೆಂದಮೇಲೆ, ಚಿತ್ರದ ಜೀವವು ಎಲ್ಲಿದೆ?

ಈ ಪ್ರಶ್ನೆಗೆ ಸಾಧಾರಣವಾಗಿ ಎರಡು ಉತ್ತರಗಳು ಬರುತ್ತವೆ. ವ್ಯಾಪಾರಚಾತುರ್ಯವೇ ಕಾರಣವೆಂಬುದು ಮೊದಲನೆಯದು. ಟೆಲಿವಿಷನ್ನಿನಲ್ಲಿ ಅಪಾರವಾಗಿ ಪ್ರಚಾರಮಾಡಿ, ನಾನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಏಕಕಾಲಕ್ಕೆ ಬಿಡುಗಡೆ ಮಾಡಿದುದರಿಂದ ಚಿತ್ರವು ಅದುವರೆಗಿನ ಗಳಿಕೆಯ ದಾಖಲೆಗಳನ್ನೆಲ್ಲ ಮೀರಿತೆಂಬುದು ನಿಜ. ಆದರೆ ಇದು ಒಂದು ಬೇಸಗೆಯ ಜಯಕ್ಕೆ ಕಾರಣವಾದೀತೇ ಹೊರತು ಐವತ್ತು ವರ್ಷಗಳ ಬಾಳಿಕೆಗೆ ಕಾರಣವಾಗಲಾರದು. ಚಿತ್ರದ ಗುಣವೆಲ್ಲವೂ ಆಕಸ್ಮಿಕದಿಂದ ಬಂದುದೆಂಬುದು ಎರಡನೆಯ ಉತ್ತರ. ಇದು ಹೆಚ್ಚು ಗಹನವಾದುದು. ಇದನ್ನು ಮುಂದೆ ಪರೀಕ್ಷಿಸಬೇಕಾಗಿದೆ.

ಭರತನ ನಾಟ್ಯಶಾಸ್ತ್ರವೂ ಅದರ ಮೇಲೆ ಬೆಳೆದ ಧ್ವನಿಸಿದ್ಧಾಂತವೂ ಈ ಪರೀಕ್ಷೆಗೆ ತಕ್ಕ ಒರೆಗಲ್ಲುಗಳು. ಅಮೆರಿಕದ ಚಿತ್ರವೊಂದನ್ನು ಭಾರತೀಯ ಲಕ್ಷಣಗಳಿಂದ ಅಳೆಯುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಆದರೆ ಭರತನು ವಿಚಾರಮಾಡಿದ್ದು ದೃಶ್ಯಕಾವ್ಯವನ್ನು, ಚಲಚ್ಚಿತ್ರವೂ ದೃಶ್ಯಕಾವ್ಯವೇ. ಭಯವಂತೂ ಯಾವ ದೇಶದ ಸೊತ್ತೂ ಅಲ್ಲ.

೨

ಚಿತ್ರಕ್ಕೆ ಮೂಲ, ಪೀಟರ್ ಬೆಂಚ್ಲಿ ಬರೆದು ೧೯೭೪ರಲ್ಲಿ ಪ್ರಕಟವಾದ ಅದೇ ಹೆಸರಿನ ಕಾದಂಬರಿ. ಚಿತ್ರಕಥೆಯನ್ನು ಬೆಂಚ್ಲಿಯೂ ಕಾರ್ಲ್ ಗಾಟ್ಲೀಬನೂ ಸಿದ್ಧಪಡಿಸಿದರು. ಆಮಿಟಿ ಎಂಬ ಕಲ್ಪಿತ ದ್ವೀಪವೇ ಕಥೆಯ ರಂಗ. ಚಿತ್ರವನ್ನು ತೆಗೆದುದು ಮ್ಯಾಸಚೂಸೆಟ್ಸ್ ಸಂಸ್ಥಾನದ ಮಾರ್ಥಾಸ್ ವಿನ್ಯರ್ಡ್ ದ್ವೀಪದಲ್ಲಿ. ಬೇಸಗೆಯ ಪ್ರವಾಸಿಗಳಿಂದಲೇ ಆಮಿಟಿಯ ಜೀವನ ನಡೆಯತಕ್ಕದ್ದು. ಅಲ್ಲಿಯ ಪೊಲೀಸು ಮುಖ್ಯಸ್ಥನಾದ ಬ್ರೋಡಿಯು ನ್ಯೂಯಾರ್ಕ್ ನಗರವನ್ನು ಬಿಟ್ಟು ಹೆಂಡತಿಮಕ್ಕಳೊಡನೆ ಬಂದು ನೆಲಸಿದವನು. ದ್ವೀಪದಲ್ಲಿದ್ದೂ ನೀರಿಗೆ ಹೆದರುವವನು. ಮೊದಲ ಸಾವಾದೊಡನೆ ಅವನು ಕಡಲತೀರವನ್ನು ಮುಚ್ಚಿಸಲೆಳಸುತ್ತಾನೆ. ಪುರಾಧ್ಯಕ್ಷನಾದ ವಾನನು ಊರಿನ ವರಮಾನಕ್ಕೆ ಕುಂದಾದೀತೆಂದು ಅದನ್ನು ತಡೆಯುತ್ತಾನೆ. ಇನ್ನಷ್ಟು ಸಾವುಗಳಾದ ಬಳಿಕ ಬ್ರೋಡಿಯೂ, ಹೂಪರನೆಂಬ ಮತ್ಸ್ಯಶಾಸ್ತ್ರಜ್ಞನೂ, ಕ್ವಿಂಟನೆಂಬ ಹಳೆಯ ಶಾರ್ಕ್ ಬೇಟೆಗಾರನೂ ಒಂದು ಸಣ್ಣ ದೋಣಿಯಲ್ಲಿ ಕಡಲಿಗೆ ಹೊರಡುತ್ತಾರೆ.

ಕಾದಂಬರಿಯಿಂದ ಚಿತ್ರಕ್ಕೆ ಬರುವಾಗ ಬಿಟ್ಟುಹೋದುದನ್ನು ಗಮನಿಸಬೇಕು. ಕಾದಂಬರಿಯಲ್ಲಿ ಬ್ರೋಡಿಯ ಹೆಂಡತಿಗೂ ಹೂಪರನಿಗೂ ಅನುಚಿತ ಸಂಬಂಧವುಂಟು; ಪುರಾಧ್ಯಕ್ಷನು ಪಾತಕಿಗಳ ಕೂಟವೊಂದರ ಹಂಗಿನಲ್ಲಿದ್ದಾನೆ; ಹೂಪರನು ಮೀನಿಗೆ ಆಹುತಿಯಾಗುತ್ತಾನೆ; ಕ್ವಿಂಟನು ಕಾಲಿಗೆ ಹಗ್ಗ ಸುತ್ತಿಕೊಂಡು ನೀರಿಗೆ ಸೆಳೆಯಲ್ಪಟ್ಟು ಸಾಯುತ್ತಾನೆ. ಈ ಕಡೆಯ ಸಂಗತಿಯಲ್ಲಿ ಹರ್ಮನ್ ಮೆಲ್ವಿಲನ ‘ಮೋಬಿ ಡಿಕ್’ ಕಾದಂಬರಿಯ ನಾಯಕನ ಮರಣದ ನೆರಳು ಸ್ಪಷ್ಟವಾಗಿದೆ. ಚಿತ್ರವು ಇವುಗಳನ್ನು ಕೈಬಿಟ್ಟಿತು. ಪುರಾಧ್ಯಕ್ಷನಿಗೆ ಪಾತಕಿಗಳ ಭಯವಿಲ್ಲದೆ ಹೋದುದರಿಂದ ಅವನು ಕೇವಲ ಸಾಮಾನ್ಯ ಮನುಷ್ಯನಾದನು; ಅವನ ತಪ್ಪು ಯಾರಾದರೂ ಮಾಡಬಹುದಾದ ತಪ್ಪಾಯಿತು. ಶೃಂಗಾರದ ಉಪಕಥೆ ಹೋದುದರಿಂದ ಭಯವು ಅಂಗಿರಸವಾಗಿ ನಿಂತಿತು. ಔಚಿತ್ಯವೇ ರಸದ ಗುಟ್ಟೆಂದ ಆನಂದವರ್ಧನನ ಮಾತಿಗೆ ಈ ತ್ಯಾಗವು ಒಳ್ಳೆಯ ನಿದರ್ಶನ.

೩

ಭಯಾನಕರಸಕ್ಕೆ ಸ್ಥಾಯಿಭಾವ ಭಯ, ಅಧಿದೇವತೆ ಕಾಲ, ಬಣ್ಣ ಕಪ್ಪು. ವಿಕೃತವಾದ ಧ್ವನಿಗಳನ್ನು ಕೇಳುವುದು, ಭೂತಗಳನ್ನು ಕಾಣುವುದು, ಬರಿದಾದ ಮನೆಯನ್ನೋ ಅಡವಿಯನ್ನೋ ಹೊಗುವುದು, ತನ್ನವರ ವಧಬಂಧನಗಳನ್ನು ನೋಡುವುದು ಮೊದಲಾದವುಗಳನ್ನು ಭರತನು ಇದಕ್ಕೆ ವಿಭಾವಗಳೆಂದು ಎಣಿಸಿದ್ದಾನೆ. ಕೈಕಾಲುಗಳ ನಡುಕ, ಕಣ್ಣಿನ ಚಲನೆ, ರೋಮಾಂಚ, ಮುಖದ ಬಣ್ಣಗೆಡುವುದು, ದನಿಯ ಮಾರ್ಪಾಡು ಇವು ಅನುಭಾವಗಳು. ಭಯಕ್ಕೆ ಕಾರಣವಾದ ವಸ್ತುವು ಕಣ್ಣಮುಂದೆ ನಿಲ್ಲಲೇಬೇಕೆಂಬ ನಿಯಮ ಈ ಪಟ್ಟಿಯಿಂದ ಹೊರಡುವುದಿಲ್ಲ. ಬರಿದಾದ ಮನೆಯಲ್ಲಿ ಏನೂ ಇಲ್ಲ. ಏನೂ ಇಲ್ಲದಿರುವುದೇ ಅಲ್ಲಿ ಭಯಕಾರಣ.

‘ಜಾಸ್’ ಚಿತ್ರದ ಮೊದಲ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬಹುದು. ರಾತ್ರಿಯ ಹೊತ್ತು, ಮರಳಿನ ಮೇಲೆ ಬೆಂಕಿಯ ಸುತ್ತ ಕುಳಿತ ತರುಣತರುಣಿಯರ ಕೂಟ. ಒಬ್ಬ ತರುಣಿ ಓಡಿಹೋಗಿ ಕಡಲಿಗೆ ಇಳಿಯುತ್ತಾಳೆ. ಅವಳ ಬೆನ್ನುಹತ್ತಿದ ತರುಣನು ಕುಡಿದ ಮತ್ತಿನಲ್ಲಿ ಮರಳಿನ ಮೇಲೆಯೇ ಒರಗುತ್ತಾನೆ. ಶಾಂತವಾದ ನೀರು. ತಟ್ಟನೆ ಅವಳನ್ನು ಯಾವುದೋ ಕೆಳಗಿನಿಂದ ಜಗ್ಗುತ್ತದೆ, ಮತ್ತೆ ಜಗ್ಗುತ್ತದೆ, ಆಮೇಲೆ ಅತ್ತಿಂದಿತ್ತ ಎಳೆದಾಡುತ್ತದೆ. ಅವಳು ತೇಲುತ್ತಿರುವ ಗಂಟೆಯ ಬುರುಡೆಯೊಂದನ್ನು ಅಪ್ಪಿಕೊಂಡು ಒಂದು ಕ್ಷಣ ಬದುಕಿದಳೆನ್ನುವಷ್ಟರಲ್ಲಿ ಮತ್ತೆ ಎಳೆಯಲ್ಪಟ್ಟು ಮುಳುಗುತ್ತಾಳೆ. ಬಳಿಕ ನೀರು ಮೊದಲಿನಂತೆಯೇ ಶಾಂತವಾಗುತ್ತದೆ. ಈ ಪ್ರಸಂಗದಲ್ಲಿ ಮೀನಿನ ಒಂದು ರೆಕ್ಕೆಯೂ ಕಾಣುವುದಿಲ್ಲ. ಅವಳ ದೇಹದ ಚಲನೆ, ಕೂಗು, ಮುಖ, ಅಂದರೆ ಅನುಭಾವಗಳು ಮಾತ್ರವೇ ಕಾಣುತ್ತವೆ. ಕಾರ್ಯವನ್ನು ತೋರಿಸಿ ಕಾರಣವನ್ನು ಅಡಗಿಸಿದುದರಿಂದ, ಆ ಕಾರಣವು ಪ್ರೇಕ್ಷಕನ ಮನಸ್ಸಿನಲ್ಲಿ ಅವನವನ ಭಯದಷ್ಟೇ ದೊಡ್ಡದಾಗಿ ಬೆಳೆಯುತ್ತದೆ.

ಇದೇ ರೀತಿಯನ್ನು ಚಿತ್ರವು ಮುಂದೆಯೂ ಬಗೆಬಗೆಯಾಗಿ ನಡಸುತ್ತದೆ. ಬಹುಮಾನದ ಆಸೆಯಿಂದ ಇಬ್ಬರು ರಾತ್ರಿಯಲ್ಲಿ ಮರದ ಕಟ್ಟೆಯ ತುದಿಯಿಂದ ಮಾಂಸದ ತುಂಡನ್ನು ಕೊಕ್ಕೆಗೆ ಸಿಕ್ಕಿಸಿ ಎಸೆಯುತ್ತಾರೆ. ಮೀನು ಅದನ್ನು ಹಿಡಿದು ಸೆಳೆದ ರಭಸಕ್ಕೆ ಕಟ್ಟೆಯ ತುದಿಯೇ ಮುರಿದು, ಒಬ್ಬನನ್ನು ಹೊತ್ತು ಕಡಲಿಗೆ ಹೋಗುತ್ತದೆ. ಅವನು ನೀರಿನಲ್ಲಿ ಬಿದ್ದು ದಡದ ಕಡೆಗೆ ಈಜುತ್ತಿರುವಾಗ, ದೂರಕ್ಕೆ ಹೋಗಿದ್ದ ಆ ಮರದ ತುಂಡು ಮೆಲ್ಲಗೆ ತಿರುಗಿ ಅವನ ಕಡೆಗೆ ಬರತೊಡಗುತ್ತದೆ. ತೆರೆಯ ಮೇಲೆ ಇರುವುದು ಮುರಿದ ಹಲಗೆಗಳು. ಪ್ರೇಕ್ಷಕನು ಕಾಣುವುದು ಮೀನನ್ನು. ಉತ್ತರಾರ್ಧದಲ್ಲಿ ಬೇಟೆಗಾರರು ಮೀನಿಗೆ ಚುಚ್ಚಿ ಕಟ್ಟಿದ ಹಳದಿಯ ಪೀಪಾಯಿಗಳು ಇದೇ ಕೆಲಸವನ್ನು ಮಾಡುತ್ತವೆ. ಮೂರು ಪೀಪಾಯಿಗಳನ್ನು ಹೊತ್ತ ಮೀನು ಆಳದಲ್ಲಿ ನಿಲ್ಲಲಾರದೆಂದು ಕ್ವಿಂಟನು ನಂಬಿರುತ್ತಾನೆ. ಅವನ ಕಣ್ಣೆದುರಿಗೇ ಅವು ಮುಳುಗುತ್ತವೆ. ಬರಿಯ ಪೀಪಾಯಿಗಳು ಮುಳುಗುವುದನ್ನು ನೋಡಿ ಎದೆ ನಡುಗುವಂತೆ ಮಾಡುವುದು ವಾಚ್ಯಾರ್ಥದ ಶಕ್ತಿಯಲ್ಲ.

ಇಲ್ಲಿ ಮಹಿಮಭಟ್ಟನ ಪಕ್ಷದವರು, ಇದು ವ್ಯಂಜನೆಯಲ್ಲ, ಬರಿಯ ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಪೀಪಾಯಿಯಿಂದ ಮೀನನ್ನು ಊಹಿಸುವುದು ಎನ್ನಬಹುದು. ಮೀನು ಅಲ್ಲಿದೆಯೆಂಬ ತಿಳಿವಳಿಕೆಯಮಟ್ಟಿಗೆ ಈ ಮಾತು ಸರಿಯೇ. ಆದರೆ ಭಯವು ಊಹಿಸಿ ತಿಳಿದ ಸಂಗತಿಯಲ್ಲ. ಅದು ಆಸ್ವಾದಿಸಿದ ಭಾವ. ಬೆಟ್ಟದ ಮೇಲೆ ಬೆಂಕಿಯಿದೆಯೆಂದು ಅನುಮಾನಿಸಿದವನಿಗೆ ಮೈ ಸುಡುವುದಿಲ್ಲ. ಪೀಪಾಯಿಯನ್ನು ಕಂಡ ಪ್ರೇಕ್ಷಕನಿಗಾದರೋ ರೋಮಾಂಚವಾಗುತ್ತದೆ.

ಜಾನ್ ವಿಲಿಯಮ್ಸನ ಸಂಗೀತವನ್ನೂ ಹೀಗೆಯೇ ವಿವೇಚಿಸಬೇಕು. ಅರ್ಧಸ್ವರದ ಅಂತರವುಳ್ಳ ಎರಡೇ ಸ್ವರಗಳನ್ನು ಮಂದ್ರಸ್ಥಾಯಿಯಲ್ಲಿ ಮೊದಲು ನಿಧಾನವಾಗಿಯೂ ಬರಬರುತ್ತ ಬೇಗವಾಗಿಯೂ ನುಡಿಸುವುದು ಅದರ ಮೂಲಾಂಶ. ಮೀನು ಕಾಣದೆಡೆಯಲ್ಲಿ ಈ ಸ್ವರಗಳೇ ಮೀನು. ಅವುಗಳ ವೇಗವೇ ಅದರ ದೂರ. ಇದನ್ನು ಚಿತ್ರವು ಪ್ರಾಮಾಣಿಕವಾದ ಸಂಕೇತವನ್ನಾಗಿ ಮಾಡುತ್ತದೆ. ಇಬ್ಬರು ಹುಡುಗರು ರಟ್ಟಿನ ರೆಕ್ಕೆಯನ್ನು ಕಟ್ಟಿಕೊಂಡು ಈಜುತ್ತ ಜನರನ್ನು ಹೆದರಿಸುವಾಗ ಈ ಸಂಗೀತವಿಲ್ಲ. ಆದುದರಿಂದ ಲಕ್ಷ್ಯವಿಟ್ಟು ಕೇಳುವವನಿಗೆ ಅದು ಸುಳ್ಳೆಂಬುದು ಮೊದಲೇ ಹೊಳೆಯುತ್ತದೆ. ಹೀಗೆ ಸಂಕೇತವನ್ನು ನಂಬಿಸಿದಮೇಲೆ ಚಿತ್ರವು ಒಮ್ಮೆ ಅದನ್ನು ಮುರಿಯುತ್ತದೆ. ಬ್ರೋಡಿಯು ಬೇಸರದಿಂದ ಗೊಣಗುತ್ತ ಮೀನಿಗೆ ಎರೆಯನ್ನು ಚೆಲ್ಲುತ್ತಿರುವಾಗ, ಯಾವ ಮುನ್ಸೂಚನೆಯ ಸ್ವರವೂ ಇಲ್ಲದೆ, ಅವನ ಬೆನ್ನಹಿಂದೆ ಮೀನಿನ ಭಾರಿ ತಲೆ ನೀರಿನಿಂದ ಮೇಲೇಳುತ್ತದೆ. ೧೨೪ ನಿಮಿಷಗಳ ಚಿತ್ರದಲ್ಲಿ ಮೂರನೆಯ ಎರಡು ಪಾಲಿನಷ್ಟು ಕಳೆದಮೇಲೆ ಬರುವ ಈ ದರ್ಶನವೇ ಮೀನಿನ ಮುಖವನ್ನು ಪ್ರೇಕ್ಷಕನು ಚೆನ್ನಾಗಿ ಕಾಣುವ ಮೊದಲ ಸಂದರ್ಭ.

೪

ಆಕಸ್ಮಿಕವಾದಿಗಳ ಆಕ್ಷೇಪಣೆಯನ್ನು ಈಗ ಎತ್ತಿಕೊಳ್ಳಬಹುದು. ಅವರು ಹೇಳುವುದೇನೆಂದರೆ: ಮೀನನ್ನು ಅಡಗಿಸಿದುದು ಕಲೆಯಲ್ಲ, ನಿರುಪಾಯ. ಮೂರು ಯಾಂತ್ರಿಕ ಮೀನುಗಳನ್ನು ಮಾಡಿಸಲಾಗಿತ್ತು. ಕಡಲಿನ ಉಪ್ಪುನೀರು ತಾಗಿ ಅವು ಪದೇಪದೇ ಕೆಟ್ಟುವು. ೫೫ ದಿನಗಳಲ್ಲಿ ಮುಗಿಯಬೇಕಾಗಿದ್ದ ಚಿತ್ರಗ್ರಹಣವು ೧೫೯ ದಿನಗಳವರೆಗೆ ಎಳೆಯಿತು. ತೋರಿಸಲು ಮೀನಿಲ್ಲದುದರಿಂದ ತೋರಿಸದೆ ನಡಸಿದರು. ಅದೇ ಗುಣವಾಗಿ ಪರಿಣಮಿಸಿತು. ಇದಕ್ಕೆ ‘ಧ್ವನಿ’ಯೆಂಬ ದೊಡ್ಡ ಹೆಸರೇಕೆ?

ಇದರಲ್ಲಿನ ಸಂಗತಿಗಳು ನಿಜ. ನಿರ್ದೇಶಕನೂ ಅವುಗಳನ್ನು ಮುಚ್ಚಿಟ್ಟವನಲ್ಲ. ಆದರೆ ನಿರ್ಣಯವು ನಿಲ್ಲುವುದಿಲ್ಲ. ಏಕೆಂದರೆ, ಮೊದಲನೆಯದಾಗಿ, ಕಾರಣವನ್ನು ಅಡಗಿಸುವ ಮಾರ್ಗವನ್ನು ಸ್ಪೀಲ್ಬರ್ಗನು ಮೀನು ಕೆಟ್ಟ ದಿನ ಕಲಿತವನಲ್ಲ. ೧೯೭೧ರಲ್ಲಿ ಟೆಲಿವಿಷನ್ನಿಗಾಗಿ ಅವನು ತೆಗೆದ ‘ಡ್ಯುಯೆಲ್’ ಎಂಬ ಚಿತ್ರದಲ್ಲಿ ಒಂದು ದೊಡ್ಡ ಲಾರಿಯು ಒಬ್ಬ ಸಾಮಾನ್ಯನ ಕಾರನ್ನು ಕೊಲ್ಲುವ ಹಟದಿಂದ ಅಟ್ಟಿಕೊಂಡು ಬರುತ್ತದೆ. ಅದನ್ನು ನಡಸುವವನ ಮುಖವು ಕಡೆಯವರೆಗೂ ಕಾಣುವುದಿಲ್ಲ. ಅಲ್ಲಿ ಕೆಟ್ಟ ಯಂತ್ರವಿರಲಿಲ್ಲ. ಎರಡನೆಯದಾಗಿ, ವಿಘ್ನವು ಎಲ್ಲರಿಗೂ ಬರುತ್ತದೆ. ವಿಘ್ನದ ಎದುರಿನಲ್ಲಿ ಮಾಡಿದ ಆಯ್ಕೆಯೇ ಕಲೆಗಾರನದು. ಮೀನನ್ನು ತೋರಿಸಲಾರದ ನಿರ್ದೇಶಕನು ಮೀನಿನ ವಿಷಯವಾಗಿ ಉದ್ದುದ್ದ ಮಾತುಗಳನ್ನು ಆಡಿಸಬಹುದಾಗಿತ್ತು. ಹಲಗೆ, ಪೀಪಾಯಿ, ಸ್ವರ ಇವುಗಳನ್ನು ಆರಿಸಿಕೊಂಡುದೂ, ಸಂಕಲನಕಾರ್ತಿ ವರ್ನಾ ಫೀಲ್ಡ್ಸಳು ಅವುಗಳ ಕಾಲಪ್ರಮಾಣವನ್ನು ಅಳೆದು ಜೋಡಿಸಿದುದೂ ಆಕಸ್ಮಿಕವಲ್ಲ. ಮೂರನೆಯದಾಗಿ, ೧೯೭೮, ೧೯೮೩, ೧೯೮೭ರಲ್ಲಿ ಬೇರೆ ನಿರ್ದೇಶಕರು ಈ ಕಥೆಯ ಮುಂದಿನ ಭಾಗಗಳನ್ನು ತೆಗೆದರು. ಅವುಗಳಲ್ಲಿ ಮೀನು ಧಾರಾಳವಾಗಿ ಕಾಣುತ್ತದೆ. ಮೊದಲನೆಯದಕ್ಕೆ ದೊರೆತ ಗೌರವವು ಅವುಗಳಲ್ಲಿ ಒಂದಕ್ಕೂ ದೊರೆಯಲಿಲ್ಲ.

ನಾಲ್ಕನೆಯ ಸಮಾಧಾನವು ಚಿತ್ರದ ಒಳಗೇ ಇದೆ. ಒಂದು ರಾತ್ರಿ ದೋಣಿಯಲ್ಲಿ ಹೂಪರನೂ ಕ್ವಿಂಟನೂ ತಮ್ಮ ತಮ್ಮ ಗಾಯದ ಕಲೆಗಳನ್ನು ಪಂದ್ಯಕ್ಕೆಂಬಂತೆ ತೋರಿಸಿಕೊಂಡು ನಗುತ್ತಿರುತ್ತಾರೆ. ಅಳಿಸಿಹಾಕಿದ ಒಂದು ಹಚ್ಚೆಯ ಮಾತು ಬರುತ್ತದೆ. ಆಗ ಕ್ವಿಂಟನು, ತಾನು ‘ಇಂಡಿಯಾನಾಪೊಲಿಸ್’ ಎಂಬ ಯುದ್ಧನೌಕೆಯಲ್ಲಿದ್ದೆನೆಂದೂ, ಅಣುಬಾಂಬಿನ ಭಾಗಗಳನ್ನು ಸಾಗಿಸಿ ಹಿಂದಿರುಗುವಾಗ ಅದು ಮುಳುಗಿತೆಂದೂ, ನೀರಿನಲ್ಲಿ ತೇಲುತ್ತಿದ್ದ ಜತೆಗಾರರನ್ನು ಶಾರ್ಕುಗಳು ಒಬ್ಬೊಬ್ಬರಾಗಿ ಒಯ್ದುವೆಂದೂ ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಈ ಪ್ರಸಂಗವು ಹಲವರ ಕೈಯಲ್ಲಿ ರೂಪುಗೊಂಡು, ಪಾತ್ರಧಾರಿಯೂ ಸ್ವತಃ ಲೇಖಕನೂ ಆದ ರಾಬರ್ಟ್ ಷಾನಿಂದ ತಿದ್ದುಪಾಟನ್ನು ಹೊಂದಿತು. ಇದು ಚರಿತ್ರೆಯ ಆಧಾರವುಳ್ಳದ್ದು: ಜಪಾನಿನ ಜಲಾಂತರ್ನೌಕೆಯ ಹೊಡೆತದಿಂದ ಆ ನೌಕೆ ೧೯೪೫ ಜುಲೈ ೩೦ರಂದು ಮುಳುಗಿತು, ಅದರಲ್ಲಿದ್ದ ಸುಮಾರು ೧,೨೦೦ ಜನರಲ್ಲಿ ಉಳಿದವರು ೩೧೬. ಕ್ವಿಂಟನು ದಿನಾಂಕವನ್ನು ಜೂನ್ ೨೯ ಎಂದು ತಪ್ಪಾಗಿ ಹೇಳುತ್ತಾನೆ; ಬಾಯಾರಿಕೆಯಿಂದಲೂ ಬಿಸಿಲಿನಿಂದಲೂ ಗಾಯಗಳಿಂದಲೂ ಸತ್ತವರನ್ನು ಹೇಳದೆ ಶಾರ್ಕುಗಳನ್ನು ಮಾತ್ರ ಹೇಳುತ್ತಾನೆ. ಚರಿತ್ರಕಾರನಿಗೆ ಇದು ದೋಷ, ಕವಿಗೆ ಅಲ್ಲ. ಮುಖ್ಯವಾದುದೆಂದರೆ, ಈ ಕಥನದುದ್ದಕ್ಕೂ ನಿರ್ದೇಶಕನು ಮುಳುಗುವ ನೌಕೆಯನ್ನಾಗಲಿ ಶಾರ್ಕನ್ನಾಗಲಿ ತೆರೆಯ ಮೇಲೆ ತರುವುದಿಲ್ಲ. ಹೇಳುವವನ ಮುಖ, ಕೇಳುವವರ ಮೌನ, ಇಷ್ಟೇ. ಕೆಟ್ಟ ಯಂತ್ರಕ್ಕೂ ಈ ಸಂಯಮಕ್ಕೂ ಸಂಬಂಧವಿಲ್ಲ. ಬಲ್ಲವರು ಅನೇಕರು ಇದನ್ನೇ ಚಿತ್ರದ ಶಿಖರವೆಂದು ಎಣಿಸುವುದು ಯುಕ್ತವಾಗಿಯೇ ಇದೆ.

೫

ಬಚ್ಚಿಟ್ಟ ಮಾತ್ರಕ್ಕೆ ಕೃತಿಯು ದೊಡ್ಡದಾಗುವುದಿಲ್ಲ. ಬಚ್ಚಿಟ್ಟದ್ದರಿಂದ ಏನು ಧ್ವನಿತವಾಯಿತೆಂಬುದನ್ನು ನೋಡಬೇಕು. ನೀರಿನಡಿಯಲ್ಲಿ ಮೀನಿರುವುದನ್ನು ಬ್ರೋಡಿಯು ಬಲ್ಲನು, ಪುರಾಧ್ಯಕ್ಷನೂ ಬಲ್ಲನು. ಮೊದಲ ಸಾವಿನ ಕಾರಣವನ್ನು ದೋಣಿಯ ಅಪಘಾತವೆಂದು ತಿದ್ದಿಸುತ್ತಾರೆ. ವೈದ್ಯನೂ ಅದಕ್ಕೆ ಒಡಂಬಡುತ್ತಾನೆ. ಹೀಗೆ ಮೀನನ್ನು ಮೊದಲು ಅಡಗಿಸಿದವರು ಊರಿನ ಹಿರಿಯರೇ. ಕಡಲು ಮೀನನ್ನು ಮುಚ್ಚಿಟ್ಟಂತೆ ಊರು ಸತ್ಯವನ್ನು ಮುಚ್ಚಿಡುತ್ತದೆ. ಇಬ್ಸನ್ನನು ೧೮೮೨ರಲ್ಲಿ ಬರೆದ ‘ಜನತೆಯ ಶತ್ರು’ ನಾಟಕದಲ್ಲಿ ಊರಿನ ಸ್ನಾನಗೃಹಗಳ ನೀರು ಕೆಟ್ಟಿದೆಯೆಂದ ವೈದ್ಯನನ್ನು ಅವನ ಅಣ್ಣನಾದ ಪುರಾಧ್ಯಕ್ಷನೇ ಹತ್ತಿಕ್ಕುವುದನ್ನು ಓದಿದವರಿಗೆ ಈ ಸಾಮ್ಯವು ಕೂಡಲೆ ಹೊಳೆಯುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಇಬ್ಸನ್ನನ ವೈದ್ಯನು ಬಗ್ಗದವನು, ಬ್ರೋಡಿಯು ಬಗ್ಗುತ್ತಾನೆ. ತೀರವು ತೆರೆದೇ ಇರುತ್ತದೆ; ಕಿಂಟ್ನರ್ ಎಂಬ ಮನೆತನದ ಎಳೆಯ ಹುಡುಗನೊಬ್ಬ ಸಾಯುತ್ತಾನೆ.

ಆ ಹುಡುಗನ ತಾಯಿ ಕರಿಯ ಉಡುಪಿನಲ್ಲಿ ಬಂದು ಎಲ್ಲರೆದುರಿಗೆ ಬ್ರೋಡಿಯ ಕೆನ್ನೆಗೆ ಹೊಡೆಯುವ ಪ್ರಸಂಗವು ಚಿತ್ರದ ನಡುಗಂಬ. ಅಪಾಯವನ್ನು ತಿಳಿದಿದ್ದೂ ಜನರನ್ನು ನೀರಿಗೆ ಬಿಟ್ಟೆಯೆಂಬುದು ಅವಳ ಆರೋಪ. ಪಕ್ಕದಲ್ಲಿದ್ದ ಪುರಾಧ್ಯಕ್ಷನು ಅವಳ ಮಾತು ಸರಿಯಲ್ಲವೆಂದು ಸಮಾಧಾನ ಹೇಳುತ್ತಾನೆ. ಬ್ರೋಡಿಯು ಅವಳ ಮಾತೇ ಸರಿಯೆನ್ನುತ್ತಾನೆ. ಇಲ್ಲಿಂದ ಮುಂದೆ ಚಿತ್ರದ ಭಯಕ್ಕೆ ಇನ್ನೊಂದು ಆಳ ಬರುತ್ತದೆ. ಮೀನು ಕಚ್ಚೀತೆಂಬ ಭಯದೊಡನೆ, ತನ್ನ ಮೌನದಿಂದ ಇನ್ನೊಬ್ಬರ ಮಗು ಸತ್ತೀತೆಂಬ ಭಯವೂ ಸೇರುತ್ತದೆ. ಮೊದಲನೆಯದು ಕಡಲಿಗೆ ಇಳಿಯುವವನಿಗೆ ಮಾತ್ರ. ಎರಡನೆಯದು ಅಧಿಕಾರದ ಕುರ್ಚಿಯಲ್ಲಿ ಕುಳಿತ ಎಲ್ಲರಿಗೂ, ಮಕ್ಕಳನ್ನು ಹೆತ್ತ ಎಲ್ಲರಿಗೂ ಸಲ್ಲುವುದು. ಸಮುದ್ರವನ್ನೇ ಕಾಣದವರೂ ಈ ಚಿತ್ರಕ್ಕೆ ಮನಸೋಲುವುದಕ್ಕೆ ಕಾರಣ ಇದೇ. ಆ ಪ್ರಸಂಗದ ಬಳಿಕ ಊಟದ ಮೇಜಿನ ಬಳಿ ಬ್ರೋಡಿಯು ಕೈಯಲ್ಲಿ ಮುಖವಿಟ್ಟು ಕುಳಿತಿರುವಾಗ ಅವನ ಚಿಕ್ಕ ಮಗನು ತಂದೆಯ ಒಂದೊಂದು ಚೇಷ್ಟೆಯನ್ನೂ ಅನುಕರಿಸುತ್ತಾನೆ. ಅದನ್ನು ಕಂಡ ತಂದೆ ಮಗುವಿನಿಂದ ಮುತ್ತೊಂದನ್ನು ಬೇಡುತ್ತಾನೆ. ಭಯಾನಕಚಿತ್ರದ ನಡುವೆ ಬರುವ ಈ ವಾತ್ಸಲ್ಯದ ತುಣುಕಿನಿಂದ ಭಯವು ಕುಗ್ಗದೆ ಬೆಳೆಯುತ್ತದೆ. ಕಳೆದುಕೊಳ್ಳಬಹುದಾದುದು ಏನೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಲಕ್ಷಣಕಾರನ ಮಾತಿಗೆ ಹೊಂದದ ಅಂಶವೊಂದು ಇಲ್ಲಿ ಉಂಟು. ಭಯವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಸಹಜವೆಂದೂ, ಉತ್ತಮಪ್ರಕೃತಿಯವರಲ್ಲಿ ಅದು ಕೃತಕವೆಂದೂ ಭರತನ ಮತ. ‘ಜಾಸ್’ ಚಿತ್ರದಲ್ಲಿ ನಾಯಕನೇ ಭಯದ ಆಶ್ರಯ. ಭಯವಿಲ್ಲದವನು ಕ್ವಿಂಟ್, ಅವನ ನಿರ್ಭಯವು ಹಳೆಯ ಗಾಯದಿಂದ ಹುಟ್ಟಿದ ಹಟ. ಅವನು ಸಹಾಯಕ್ಕಾಗಿ ಕರೆಯಬಹುದಾದ ರೇಡಿಯೋವನ್ನು ಒಡೆದುಹಾಕುತ್ತಾನೆ; ಯಂತ್ರವು ಸುಟ್ಟುಹೋಗುವವರೆಗೆ ದೋಣಿಯನ್ನು ಓಡಿಸುತ್ತಾನೆ; ಸಾಯುತ್ತಾನೆ. ಹೂಪರನಿಗೆ ವಿದ್ಯೆಯುಂಟು. ಬ್ರೋಡಿಗೆ ಇರುವುದು ಭಯವೂ ಹೊಣೆಯ ಅರಿವೂ ಮಾತ್ರ. ಕಡೆಯಲ್ಲಿ ಮುಳುಗುತ್ತಿರುವ ಕೂವೆಮರದ ಮೇಲೆ ಒಬ್ಬನೇ ಉಳಿದು ಮೀನನ್ನು ಕೊಲ್ಲುವವನು ಅವನೇ. ಭಯಪಡುವವನೇ ವೀರನಾಗುವುದು ಪೂರ್ವಿಕರ ವೀರಲಕ್ಷಣಕ್ಕೆ ಹೊರಗಾದರೂ ಅನುಭವಕ್ಕೆ ಹೊರಗಲ್ಲ.

೬

ಚಿತ್ರವು ದೋಷರಹಿತವೆಂದು ಹೇಳುವಂತಿಲ್ಲ. ಕಡೆಯ ಭಾಗದಲ್ಲಿ ಮೀನು ದೋಣಿಯ ಮೇಲಕ್ಕೆ ನುಗ್ಗಿ ಕ್ವಿಂಟನನ್ನು ನುಂಗುವುದು ಪೂರ್ಣವಾಗಿ ಕಾಣುತ್ತದೆ. ಅಲ್ಲಿ ಭಯಕ್ಕಿಂತ ಬೀಭತ್ಸವೇ ಮುಂದಾಗುತ್ತದೆ. ಬೀಭತ್ಸದಿಂದ ಭಯಾನಕವು ಹುಟ್ಟುತ್ತದೆಂಬುದು ಭರತನ ಮತ. ಇಲ್ಲಿ ಕ್ರಮವು ತಿರುವುಮುರುವಾಗಿ, ಭಯಾನಕವು ಬೀಭತ್ಸದಲ್ಲಿ ಮುಗಿಯುತ್ತದೆ. ಯಂತ್ರವು ಯಂತ್ರವೆಂಬುದೂ ಇಲ್ಲಿಯೇ ಬಯಲಾಗುವುದು. ಮೀನಿನ ಬಾಯಿಗೆ ಸಿಕ್ಕಿದ ಗಾಳಿಯ ಉರುಳೆಗೆ ಬ್ರೋಡಿಯು ಗುಂಡುಹೊಡೆದು ಅದನ್ನು ಸಿಡಿಸುವ ಮುಕ್ತಾಯವು ನಂಬಲರ್ಹವಲ್ಲವೆಂಬ ಆಕ್ಷೇಪವೂ ನ್ಯಾಯವಾದುದೇ. ಆದರೆ ಅಷ್ಟು ಹೊತ್ತಿಗೆ ಪ್ರೇಕ್ಷಕನ ಮನಸ್ಸು ಮೀನಿನಿಂದ ಸರಿದು ಬ್ರೋಡಿಯಲ್ಲಿ ನೆಟ್ಟಿರುತ್ತದೆ. ಮೀನು ಹೇಗೆ ಸತ್ತಿತೆಂಬುದಕ್ಕಿಂತ ಬ್ರೋಡಿಯ ಭಯ ಹೇಗೆ ಕಳೆಯಿತೆಂಬುದು ಅವನಿಗೆ ಮುಖ್ಯ. ಬದುಕಿ ಬಂದ ಹೂಪರನೊಡನೆ ಬ್ರೋಡಿಯು, ನೀರಿಗೆ ಹೆದರುತ್ತಿದ್ದವನು, ಪೀಪಾಯಿಗಳನ್ನು ಹಿಡಿದು ಈಜುತ್ತ ದಡ ಸೇರುವುದರಿಂದ ಈ ದೋಷವು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

೭

ಇನ್ನುಳಿದುದು ಎಲ್ಲಕ್ಕಿಂತ ಗುರುತರವಾದ ಆರೋಪ. ಅದು ಲೋಕಹಿತಕ್ಕೆ ಸಂಬಂಧಪಟ್ಟುದು. ಚಿತ್ರವನ್ನು ಕಂಡ ಜನ ಶಾರ್ಕುಗಳನ್ನು ದ್ವೇಷಿಸತೊಡಗಿದರು. ಅಮೆರಿಕದ ಪೂರ್ವತೀರದಲ್ಲಿ ಶಾರ್ಕ್ ಬೇಟೆಯ ಪಂದ್ಯಗಳು ಹೆಚ್ಚಿದುವು. ಕನ್ನಡದ ಕರಾವಳಿಯವರು ‘ತಾಟೆ’ಯೆಂದು ಕರೆಯುವ ಈ ಮೀನಿನ ಕುಲದಲ್ಲಿ ನೂರಾರು ಜಾತಿಗಳುಂಟು, ಬಹುಪಾಲು ಮನುಷ್ಯನಿಗೆ ನಿರಪಾಯವಾದುವು. ಚಿತ್ರದಲ್ಲಿರುವ ದೊಡ್ಡ ಬಿಳಿಯ ಶಾರ್ಕ್ ಕೂಡ ಮನುಷ್ಯನನ್ನು ಹಗೆಯಿಟ್ಟು ಅರಸುವ ಪ್ರಾಣಿಯಲ್ಲ. ಚಿತ್ರವು ಹೇಳುವ ೨೫ ಅಡಿಗಳ ಉದ್ದಕ್ಕೂ ಅದು ಬೆಳೆಯುವುದಿಲ್ಲ. ಶಾರ್ಕುಗಳ ನಾಶಕ್ಕೆ ವ್ಯಾಪಾರದ ಮೀನುಗಾರಿಕೆಯೇ ಮುಖ್ಯಕಾರಣ. ೨೦೧೩ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕುಗಳು ಮನುಷ್ಯನಿಂದ ಸಾಯುತ್ತಿದ್ದುವು. ಹಾಗಿದ್ದರೂ ಅವುಗಳ ಪರವಾಗಿ ಮಾತನಾಡುವವರಿಲ್ಲದಂತೆ ಮಾಡಿದ ಪಾಲು ಚಿತ್ರಕ್ಕೆ ಇದೆಯೆಂಬ ಮಾತನ್ನು ಮೂಲಕರ್ತರೇ ತಳ್ಳಿಹಾಕಲಿಲ್ಲ. ಬೆಂಚ್ಲಿಯು ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಸಮುದ್ರಜೀವಿಗಳ ರಕ್ಷಣೆಗಾಗಿ ದುಡಿದನು. ಸ್ಪೀಲ್ಬರ್ಗನು ೨೦೨೨ರಲ್ಲಿ ಈ ವಿಷಯದಲ್ಲಿ ತನ್ನ ಪಶ್ಚಾತ್ತಾಪವನ್ನು ಬಹಿರಂಗವಾಗಿ ಹೇಳಿದನು.

ರಸಸಿದ್ಧಾಂತದ ಬಲದಿಂದ ಈ ಆರೋಪವನ್ನು ಸುಲಭವಾಗಿ ಪರಿಹರಿಸಬಹುದೆಂದು ತೋರೀತು. ಅಭಿನವಗುಪ್ತನು ಭಯಾನಕದ ಆಸ್ವಾದವನ್ನು ವಿವರಿಸಲು ಕಾಳಿದಾಸನ ‘ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಹೆದರಿ ಕೊರಳನ್ನು ತಿರುಗಿಸಿ ನೋಡುತ್ತ ಓಡುವ ಜಿಂಕೆಯ ಶ್ಲೋಕವನ್ನು ಎತ್ತಿಕೊಳ್ಳುತ್ತಾನೆ. ಆ ಜಿಂಕೆ ಇಂಥದೇ ಎಂಬ ವಿಶೇಷವಿಲ್ಲ, ಹೆದರಿಸುವವನೂ ವಾಸ್ತವನಲ್ಲ, ಆದುದರಿಂದ ದೇಶಕಾಲಗಳ ಕಟ್ಟಿಲ್ಲದ ಭಯವೊಂದೇ ಸಹೃದಯನ ಹೃದಯವನ್ನು ಹೊಗುತ್ತದೆಂಬುದು ಅವನ ವಿವರಣೆಯ ಸಾರ. ಸಾಧಾರಣೀಕೃತವಾದ ಭಯವು ಕ್ರಿಯೆಗೆ ಪ್ರೇರಿಸುವುದಿಲ್ಲ. ಚಿತ್ರಮಂದಿರದಿಂದ ಹೊರಬಂದು ಗಾಳವನ್ನು ಹಿಡಿದವನು ರಸವನ್ನು ಆಸ್ವಾದಿಸಿದವನಲ್ಲ. ಲೌಕಿಕಭಯವನ್ನು ಹೊತ್ತು ಬಂದವನು. ತಪ್ಪು ಅವನದು, ಕೃತಿಯದಲ್ಲ.

ಈ ಸಮಾಧಾನವು ಅರ್ಧ ಮಾತ್ರ ಸತ್ಯ. ಕಾಳಿದಾಸನಲ್ಲಿ ಭಯವು ಪ್ರಾಣಿಯದು. ಸಹೃದಯನು ಬೇಟೆಗೆ ಸಿಕ್ಕಿದ ಜೀವದೊಡನೆ ತನ್ಮಯನಾಗುತ್ತಾನೆ. ‘ಜಾಸ್’ ಚಿತ್ರದಲ್ಲಿ ಪ್ರಾಣಿಯು ಆದಿಯಿಂದ ಅಂತ್ಯದವರೆಗೆ ವಿಭಾವ. ಯಾವ ಭಾವಕ್ಕೂ ಅದು ಆಶ್ರಯವಾಗುವುದಿಲ್ಲ. ಅದನ್ನು ಅಡಗಿಸಿಟ್ಟುದರಿಂದ ಅದು ರೂಪವಿಲ್ಲದ ಪಾತ್ರೆಯಾಯಿತು. ಪ್ರೇಕ್ಷಕರು ತಮ್ಮ ತಮ್ಮ ಭಯಗಳನ್ನೆಲ್ಲ ಅದರಲ್ಲಿ ತುಂಬಿದರು. ಆ ಪಾತ್ರೆಗೆ ಮಾತ್ರ ಲೋಕದಲ್ಲಿ ನಿಜವಾಗಿಯೂ ಇರುವ ಒಂದು ಪ್ರಾಣಿಯ ಹೆಸರಿತ್ತು. ಚಿತ್ರದ ಗುಣವೂ ಅದರಿಂದಾದ ಕೇಡೂ ಒಂದೇ ಬೇರಿನಿಂದ ಬಂದುವೆಂಬುದನ್ನು ವಿಮರ್ಶಕರು ಒಪ್ಪಿಕೊಳ್ಳುವುದೇ ನ್ಯಾಯ.

ಆದರೂ ಕೃತಿಯು ತನ್ನೊಳಗೆ ಒಂದು ಎಚ್ಚರಿಕೆಯನ್ನು ಇರಿಸಿಕೊಂಡಿದೆ. ಬಹುಮಾನದ ಸುದ್ದಿ ಹರಡಿದೊಡನೆ ಎಲ್ಲೆಲ್ಲಿಂದಲೋ ಬಂದ ಜನ ತುಂಬಿದ ದೋಣಿಗಳಲ್ಲಿ ಕಡಲಿಗೆ ನ���ಗ್ಗುತ್ತಾರೆ. ಒಂದು ಶಾರ್ಕನ್ನು ಕೊಂದು ತಂದು, ನೇತುಹಾಕಿ, ಅದರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಊರೆಲ್ಲ ನೆಮ್ಮದಿಯಿಂದ ನಗುತ್ತದೆ. ಹೂಪರನೊಬ್ಬನು ಅದರ ಬಾಯನ್ನು ಅಳೆದು, ಇದು ಆ ಮೀನಲ್ಲವೆನ್ನುತ್ತಾನೆ; ಯಾರೂ ಕೇಳುವುದಿಲ್ಲ. ಆ ರಾತ್ರಿ ಅದರ ಹೊಟ್ಟೆಯನ್ನು ಸೀಳಿದಾಗ ಮನುಷ್ಯದೇಹದ ಕುರುಹೊಂದೂ ಸಿಕ್ಕುವುದಿಲ್ಲ. ಭಯಗೊಂಡ ಗುಂಪು ನಿರಪರಾಧಿಯನ್ನು ಕೊಂದು ನೆಮ್ಮದಿಪಡುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಸಾಧ್ಯವಿಲ್ಲ. ಚಿತ್ರವನ್ನು ನೋಡಿ ಬೇಟೆಗೆ ಹೊರಟವರು, ಚಿತ್ರವು ಯಾರನ್ನು ಕಂಡು ನಕ್ಕಿತೋ ಅವರಂತೆಯೇ ನಡೆದುಕೊಂಡರು.

‘ಶಾಕುಂತಲ’ದಲ್ಲಿ ಓಡುವ ಜಿಂಕೆಗೂ ಎತ್ತಿದ ಬಾಣಕ್ಕೂ ನಡುವೆ ತಪಸ್ವಿಯೊಬ್ಬನು ಬಂದು, ಇದು ಆಶ್ರಮದ ಮೃಗವೆಂದು ಕೈಯೆತ್ತಿ ತಡೆಯುತ್ತಾನೆ, ರಾಜನು ಬಾಣವನ್ನು ಇಳಿಸುತ್ತಾನೆ. ಆಮಿಟಿಯಲ್ಲಿ ಹೂಪರನ ಮಾತನ್ನು ಕೇಳುವ ರಾಜನಿರಲಿಲ್ಲ. ಲೋಕದಲ್ಲಿ ಆ ಮಾತು ತಡವಾಗಿ ಕೇಳಿಬಂದಿತು: ೧೯೯೧ರಲ್ಲಿ ದಕ್ಷಿಣ ಆಫ್ರಿಕವು ದೊಡ್ಡ ಬಿಳಿಯ ಶಾರ್ಕಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಿತು; ೨೦೦೪ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವು ನಿರ್ಬಂಧಕ್ಕೆ ಒಳಪಟ್ಟಿತು. ಈ ತಿಳಿವಳಿಕೆಯೊಡನೆ ‘ಜಾಸ್’ ಚಿತ್ರವನ್ನು ಇಂದು ನೋಡುವವನಿಗೂ ಮೊದಲ ಪ್ರಸಂಗದಲ್ಲಿ ಎದೆ ನಡುಗದೆ ಇರುವುದಿಲ್ಲ. ಮೀನನ್ನು ಕುರಿತ ತಪ್ಪು ತಿಳಿವಳಿಕೆಯಿಂದಲೇ ಆ ಭಯವು ಹುಟ್ಟುತ್ತಿದ್ದರೆ, ತಿಳಿವಳಿಕೆ ತಿದ್ದಿಹೋದೊಡನೆ ಅದೂ ಹೋಗಬೇಕಾಗಿತ್ತು. ಅದು ಹೋಗಿಲ್ಲವಾದುದರಿಂದ, ಚಿತ್ರದಲ್ಲಿ ಆಸ್ವಾದ್ಯವಾದುದು ಮೀನಲ್ಲ, ಭಯಾನಕರಸವೇ ಎಂದು ನಿರ್ಣಯಿಸುವುದು ಯುಕ್ತವಾಗಿದೆ.